ಹಬ್ಬದ ಪೆಟ್ಟಿಗೆ ಇಳಿಸುವ ಮುನ್ನ: ಗೊಂಬೆ, ತೋರಣ, ಅಚ್ಚುಗಳನ್ನೂ ಅವುಗಳ ಕಥೆಯನ್ನೂ ಕೂಡಿಡುವ ಸಮಗ್ರ ಮಾರ್ಗದರ್ಶಿ

ದಸರಾ ಗೊಂಬೆಯ ಪೆಟ್ಟಿಗೆಯನ್ನು ನಮ್ಮ ಹಾಸನದ ಕಡೆ ಹೆಚ್ಚಿನವರು ಇಳಿಸುವುದು ಮಹಾಲಯ ಅಮಾವಾಸ್ಯೆಯ ಹಿಂದುಮುಂದು. ಆಗ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೆಟ್ಟಿಲು ಜೋಡಿಸಬೇಕು, ಬಿಳಿ ಪಂಚೆ ಹಾಸಬೇಕು, ರಾಜ-ರಾಣಿಯ ಜೋಡಿಯಾದ ಪಟ್ಟದ ಗೊಂಬೆಗೆ ಸೀರೆ ಉಡಿಸಬೇಕು. "ಅತ್ತೆ, ಈ ಶೆಟ್ಟಿ ಗೊಂಬೆ ಎಲ್ಲಿಂದ ಬಂತು?" ಎಂದು ಸೊಸೆ ಕೇಳಿದರೆ, "ಆಮೇಲೆ ಹೇಳ್ತೀನಿ ತಾಳೇ, ಮೊದಲು ಆ ಮಣೆ ಕೊಡು" ಎಂಬ ಉತ್ತರ ಬರುತ್ತದೆ. ಆಮೇಲೆ ಅಂದರೆ ವಿಜಯದಶಮಿ. ಅವತ್ತು ರಾತ್ರಿ ಪಟ್ಟದ ಗೊಂಬೆ ಮಲಗಿಸಿ, ಮಾರನೇ ದಿನ ಎಲ್ಲ ಸುತ್ತಿ ಒಳಗಿಟ್ಟರೆ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಹೊಸ ಗೊಂಬೆ ಅಂಗಡಿಯಲ್ಲಿ ಸಿಗುತ್ತದೆ. ಹಳೇ ಗೊಂಬೆಯನ್ನು ಯಾರು ಯಾರಿಗೆ ಕೊಟ್ಟರು, ಯಾವ ವರ್ಷ, ಯಾಕೆ ಎನ್ನುವುದು ಮನೆಯ ಒಬ್ಬಿಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅದಕ್ಕೇ ನನ್ನ ಪ್ರಕಾರ ಸಂಗ್ರಹ ಶುರು ಮಾಡುವವರು ಮೊದಲು ಕಥೆ ಹಿಡಿಯಬೇಕು, ಆಮೇಲೆ ವಸ್ತುವನ್ನು ಕಾಪಾಡಬೇಕು. ಕೊಳ್ಳುವುದು ಕೊನೆಯ ಕೆಲಸ. ಈ ಬರಹವೂ ಅದೇ ಕ್ರಮದಲ್ಲಿದೆ.

ಯಾವ ಯಾವ ವಸ್ತು?

ಗೊಂಬೆ ಅಂದ ಕೂಡಲೇ ಎಲ್ಲರಿಗೂ ದಸರಾ ನೆನಪಾಗುತ್ತದೆ. ಆದರೆ ಹಬ್ಬದ ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟು ಇರುತ್ತದೆ. ಬಾಗಿಲಿಗೆ ಕಟ್ಟುವ ಮಣಿ ತೋರಣ, ಕ್ರೋಶಾ ಹಾಕಿದ ತಟ್ಟೆ ಮುಚ್ಚುವ ಬಟ್ಟೆ, ವರಮಹಾಲಕ್ಷ್ಮಿಯ ಬೆಳ್ಳಿ ಮುಖವಾಡ, ಗೌರಿ ಮಂಟಪದ ಕಂಬ, ಹಣ್ಣು-ತರಕಾರಿಯ ಫಲವಳಿ ಕಟ್ಟುವ ಚೌಕಟ್ಟು, ದೀಪಾವಳಿಯ ಆಕಾಶಬುಟ್ಟಿಯ ಬಿದಿರು ಕಡ್ಡಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಮರದ ಅಚ್ಚಿನ ಮಣೆಗಳನ್ನಂತೂ ಬಿಡಬೇಡಿ. ಈಗ ಅಚ್ಚು ಅಂಗಡಿಯಿಂದ ಬರುತ್ತದೆ, ಮಣೆ ಅಟ್ಟದಲ್ಲಿ ದೂಳು ತಿನ್ನುತ್ತಿರುತ್ತದೆ. ಒಕ್ಕಲು ಮನೆಗಳಲ್ಲಿ ಎತ್ತಿನ ಕೊಂಬಿನ ಹಿತ್ತಾಳೆ ಕಳಸ, ಗೆಜ್ಜೆ ಪಟ್ಟಿ, ಕಿಚ್ಚು ಹಾಯಿಸುವ ದಿನ ಬೆನ್ನ ಮೇಲೆ ಹೊದಿಸುವ ಜೂಲು ಇರುತ್ತವೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಯಲ್ಲೂ ಇವನ್ನು ಗುಜರಿಗೆ ಹಾಕದೆ ಇಟ್ಟವರಿದ್ದಾರೆ. ಅವರ ಹತ್ತಿರ ಹೇಳಲು ಬೇಕಾದಷ್ಟಿರುತ್ತದೆ.

ಸಕಲೇಶಪುರ, ಚಿಕ್ಕಮಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಗೋದಲಿಯ ಗೊಂಬೆಗಳು ಹೀಗೇ ತಲೆಮಾರು ದಾಟಿ ಬಂದಿರುತ್ತವೆ. ಕೆಲವು ಮನೆಗಳಲ್ಲಿ ಕುರಿ ಒಂದು ಕಾಲದ್ದು, ಕುರುಬ ಇನ್ನೊಂದು ಕಾಲದವನು, ಬಾಲಯೇಸು ಮಗಳ ಮದುವೆಯ ವರ್ಷ ಕೊಂಡದ್ದು. ಮುಂದೆ ಹೇಳುವ ಕ್ರಮ ಇವಕ್ಕೂ ಸರಿಹೋಗುತ್ತದೆ.

ಮೊದಲ ಹೆಜ್ಜೆ: ಪೆಟ್ಟಿಗೆಯನ್ನು ಬೇಗ ಇಳಿಸಿ

ಪಿತೃಪಕ್ಷದಲ್ಲಿ ಗೊಂಬೆ ಪೆಟ್ಟಿಗೆ ಮುಟ್ಟಬಾರದು ಎನ್ನುವ ಮನೆಗಳಿವೆ. ಹಿರಿಯರ ಮನಸ್ಸು ನೋಯಿಸಿ ಕಥೆ ಕೇಳಲು ಆಗುವುದಿಲ್ಲ. ಹಾಗಾಗಿ ಗಣೇಶನನ್ನು ಬಿಟ್ಟ ಮೇಲೆ, ಪಕ್ಷ ಶುರುವಾಗುವ ಮುಂಚೆ ಸಿಗುವ ದಿನಗಳಲ್ಲಿ ಒಂದು ಭಾನುವಾರ ಗುರುತು ಮಾಡಿಕೊಳ್ಳಿ. ಗೌರಿ ಮಂಟಪದ ಸಾಮಾನು ಹೇಗೂ ಹೊರಗಿರುತ್ತದೆ. ಅದನ್ನು ಒಳಗಿಡುವ ನೆಪದಲ್ಲೇ ಗೊಂಬೆ ಪೆಟ್ಟಿಗೆಯೂ ಇಳಿಯಲಿ.

ನೆಲದ ಮೇಲೆ ಜಮಖಾನೆ ಹಾಸಿ, ಅದರ ಮೇಲೆ ಹಳೇ ಹತ್ತಿ ಬಟ್ಟೆ ಹಾಸಿ. ಮೇಜಿನ ಮೇಲೆ ಬೇಡ, ಮಕ್ಕಳ ಕೈ ತಾಗಿದರೆ ಗೊಂಬೆ ನೆಲಕ್ಕೆ ಬೀಳುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಒಂದು ಫೋಟೊ ತೆಗೆಯಿರಿ, ಏನನ್ನೂ ಅಲುಗಿಸದೆ. ಯಾವುದರ ಪಕ್ಕ ಯಾವುದಿತ್ತು ಎನ್ನುವುದಕ್ಕೂ ಅರ್ಥ ಇರುತ್ತದೆ. ಒಂದೇ ಸೀರೆ ತುಂಡಿನಲ್ಲಿ ಸುತ್ತಿದ ಐದು ಗೊಂಬೆ ಒಂದೇ ಕೈಯಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಎರಡನೇ ಹೆಜ್ಜೆ: ಸುತ್ತಿದ ಕಾಗದ ಓದಿ

ಗೊಂಬೆಗೆ ಸುತ್ತಿದ ಹಳೇ ಪೇಪರನ್ನು ಮುದುರಿ ಬಿಸಾಡುವ ಮುಂಚೆ ತಾರೀಖು ನೋಡಿ. ಗೊಂಬೆ ಅಷ್ಟೇ ಹಳೆಯದು ಅಂತ ಅಲ್ಲ, ಕಡೇ ಪಕ್ಷ ಆ ವರ್ಷ ಅದು ನಿಮ್ಮ ಮನೆಯಲ್ಲಿ ಇದ್ದಿರಬಹುದು ಅಂತ. ರಟ್ಟಿನ ಡಬ್ಬಿ, ಅಂಗಡಿ ಚೀಟಿ, ತಳದ ಮುದ್ರೆ ಇವೂ ಸುಳಿವು ಕೊಡುತ್ತವೆ.

ಬೆಲೆ ಆಣೆಯಲ್ಲಿದ್ದರೆ ಬಹುತೇಕ 1957ಕ್ಕಿಂತ ಹಿಂದಿನದು, ಯಾಕೆಂದರೆ ಆ ವರ್ಷ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬಂತು. 'ನಯಾ ಪೈಸೆ' ಅಂತ ಇದ್ದರೆ 1957ರಿಂದ 1964ರ ನಡುವಿನದು ಇರಬಹುದು. ಅಂಗಡಿಯ ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನದು, ಆಮೇಲೆ ರಾಜ್ಯದ ಹೆಸರು ಕರ್ನಾಟಕ ಆಯಿತು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಪುಟ್ಟ ಜಪಾನ್ ಗೊಂಬೆಯ ತಳದಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದು ಕಂಡರೆ ಅದು ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಸೇನೆ ಅಲ್ಲಿದ್ದ ಕಾಲದ್ದು, 1952ರೊಳಗೆ ಮಾಡಿದ್ದು.

ಇಂಥ ಕಾಗದ, ಚೀಟಿಗಳನ್ನು ಬೇರೆ ಲಕೋಟೆಯಲ್ಲಿ ಹಾಕಿಡಿ. ಮತ್ತೆ ಗೊಂಬೆಗೆ ಸುತ್ತಬೇಡಿ. ಪೇಪರಿನ ಮಸಿ ಬಣ್ಣಕ್ಕೆ ಹತ್ತುತ್ತದೆ, ಆ ಕಾಗದದಲ್ಲಿರುವ ಹುಳಿ ಬಟ್ಟೆಯನ್ನು ಹಳದಿ ಮಾಡುತ್ತದೆ.

ಮೂರನೇ ಹೆಜ್ಜೆ: ಕೇಳುವುದು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇಲ್ಲಿ ಅವಸರ ಮಾಡಬೇಡಿ.

"ಅಜ್ಜಿ, ನಿಮ್ಮ ಕಾಲದ ದಸರಾ ಬಗ್ಗೆ ಹೇಳಿ" ಎಂದು ಕೇಳಿದರೆ ಬರುವ ಉತ್ತರ "ಏನೋ ಚೆನ್ನಾಗಿ ಮಾಡ್ತಿದ್ವಪ್ಪ" ಅಷ್ಟೇ. ಅದರ ಬದಲು ಒಂದು ಗೊಂಬೆಯನ್ನು ಅವರ ಕೈಗೆ ಕೊಡಿ. ಸುಮ್ನೆ ಕೊಟ್ಟು ಕಾಯಿರಿ. ಕೈಯಲ್ಲಿ ತಿರುಗಿಸಿ ನೋಡುತ್ತಾ ತಾವಾಗಿ ಶುರು ಮಾಡುತ್ತಾರೆ. "ಇದರ ಮೂಗು ಮುರಿದಿದ್ದು ನಿಮ್ಮ ದೊಡ್ಡಪ್ಪ ಕಣೋ, ಅವನಿಗೆ ಆಗ ಮಾತೂ ಬರ್ತಿರ್ಲಿಲ್ಲ." ಆ ಒಂದು ಮಾತಿನಲ್ಲಿ ಗೊಂಬೆಯ ವಯಸ್ಸು, ಮನೆಯ ಒಬ್ಬ ಮಗುವಿನ ವಯಸ್ಸು ಎರಡೂ ಸಿಕ್ಕವು.

ಕೇಳಬೇಕಾದ್ದು ಸಣ್ಣ ಸಣ್ಣ ಪ್ರಶ್ನೆ. ಯಾರು ತಂದರು? ಬಸ್ಸಿನಲ್ಲಾ, ಗಾಡಿಯಲ್ಲಾ? ತವರಿಂದ ಬಂದಿದ್ದಾ? ಯಾವ ಮೆಟ್ಟಿಲಿನ ಮೇಲೆ ಇಡುತ್ತಿದ್ದಿರಿ? ಗೊಂಬೆ ಆರತಿಗೆ ಬಂದ ಮಕ್ಕಳಿಗೆ ಅವತ್ತು ಏನು ತಿಂಡಿ ಕೊಡುತ್ತಿದ್ದಿರಿ? ಯಾವ ವರ್ಷ ಗೊಂಬೆ ಕೂರಿಸಲಿಲ್ಲ? ಈ ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿ, ಆದರೆ ಕೇಳಿ. ಗೊಂಬೆ ಕೂರಿಸದ ವರ್ಷದ ಹಿಂದೆ ಸೂತಕವೋ, ಕಾಯಿಲೆಯೋ, ಮನೆ ಪಾಲಾದದ್ದೋ ಇರುತ್ತದೆ. ಮನೆಯ ಚರಿತ್ರೆಯಲ್ಲಿ ಅದೂ ಸೇರಬೇಕು. ಹೇಳಲು ಇಷ್ಟವಿಲ್ಲ ಎಂದು ಕಂಡರೆ ಅಲ್ಲಿಗೇ ಬಿಡಿ.

ವರ್ಷ ನೆನಪಿಲ್ಲ ಎಂದರೆ ಊರಿನ ದೊಡ್ಡ ಘಟನೆಗಳಿಗೆ ಕಟ್ಟಿ ಕೇಳಿ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 1967, 1981, 1993, 2006, 2018ರಲ್ಲಿ ನಡೆಯಿತು. "ಯಾವ ಅಭಿಷೇಕಕ್ಕೆ ಮುಂಚೆ?" ಎಂದರೆ ತಟ್ಟನೆ ಹೇಳುತ್ತಾರೆ. ದೇವೇಗೌಡರು ಪ್ರಧಾನಿಯಾದದ್ದು 1996, ಹಾಸನದಲ್ಲಿ ಅದನ್ನು ಮರೆತವರಿಲ್ಲ. ಚಿಕ್ಕಮಗಳೂರಿನವರನ್ನು ಇಂದಿರಾ ಗಾಂಧಿ ಚುನಾವಣೆಗೆ ನಿಂತ ವರ್ಷಕ್ಕೆ ಕಟ್ಟಿ ಕೇಳಿ, ಅದು 1978. ಇವುಗಳ ಜೊತೆಗೆ ಮನೆಯ ಗುರುತುಗಳನ್ನೂ ಬಳಸಿ: ಕರೆಂಟ್ ಬಂದದ್ದು, ಹೆಂಚು ತೆಗೆದು ತಾರಸಿ ಹಾಕಿಸಿದ್ದು, ಮೊದಲ ಟಿವಿ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳು ನಮ್ಮ ಸುತ್ತ ತುಂಬಾ ಇವೆ. ನೀರು ಇಳಿದಾಗ ಮೇಲೆ ಕಾಣುವ ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ನೋಡಲು ಎಲ್ಲರೂ ಹೋಗುತ್ತಾರೆ. ಆದರೆ ಮುಳುಗಡೆ ಊರುಗಳಿಂದ ಗಾಡಿಯಲ್ಲಿ ಹೇರಿಕೊಂಡು ಬಂದ ಹಬ್ಬದ ಸಾಮಾನು ಇವತ್ತಿಗೂ ಮನೆಗಳಲ್ಲಿದೆ. ಅಂಥ ಮನೆಯಲ್ಲಿ ಕೇಳುವಾಗ ಊರಿನ ಹೆಸರು, ಬೀದಿ, ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದ ಜಾಗ ಎಲ್ಲವನ್ನೂ ಬರೆದುಕೊಳ್ಳಿ. ಪಡಸಾಲೆಯ ಯಾವ ಕಂಬದ ಪಕ್ಕ ಅಂತ ಕೂಡ. ಆ ಮನೆಯನ್ನು ಹೋಗಿ ನೋಡಿ ಬರುವ ದಾರಿ ಉಳಿದಿಲ್ಲ, ಹೇಳುವವರ ಬಾಯಲ್ಲಿ ಮಾತ್ರ ಇದೆ.

ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಆದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಫ್ಯಾನ್, ಟಿವಿ ಆರಿಸಿ. ಶೀಟಿನ ಮನೆಯಾದರೆ ಮಳೆ ಬರುವಾಗ ಬೇಡ, ಏನೂ ಕೇಳಿಸುವುದಿಲ್ಲ. ಶುರುವಿನಲ್ಲಿ ತಾರೀಖು, ಊರು, ಮಾತಾಡುವವರು ಯಾರು ಎಂದು ನೀವೇ ಹೇಳಿ. ಮಧ್ಯೆ ತಿದ್ದಬೇಡಿ. ಅತ್ತೆ ಒಂದು ಹೇಳಿ, ಚಿಕ್ಕಮ್ಮ "ಅಲ್ಲ ಕಣಕ್ಕ, ಅದು ಬೇಲೂರಿಂದ ತಂದಿದ್ದು" ಎಂದರೆ ಎರಡನ್ನೂ ಬರೆಯಿರಿ. ಯಾರದು ಸರಿ ಎಂದು ನೀವು ತೀರ್ಪು ಕೊಡಬೇಕಾಗಿಲ್ಲ. ಒಂದು ಸಲಕ್ಕೆ ಹತ್ತು ಗೊಂಬೆಗಿಂತ ಜಾಸ್ತಿ ಬೇಡ, ಹಿರಿಯರಿಗೆ ದಣಿವಾಗುತ್ತದೆ.

ನಾಲ್ಕನೇ ಹೆಜ್ಜೆ: ನಂಬರ್, ಚೀಟಿ, ಪುಸ್ತಕ

ಒಂದು ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಸಾಕು. ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡಿ. ಗೊಂಬೆಗೆ 'ಗೊ 1', ತೋರಣಕ್ಕೆ 'ತೋ 1', ಅಚ್ಚಿಗೆ 'ಅ 1' ಹೀಗೆ. ಒಂದು ವಸ್ತುವಿಗೆ ಒಂದು ಪುಟ ಪೂರ್ತಿ ಬಿಡಿ, ಮುಂದಿನ ವರ್ಷ ಇನ್ನೊಂದು ಮಾತು ನೆನಪಾಗಿಯೇ ಆಗುತ್ತದೆ. ಏನು, ಯಾವುದರಿಂದ ಮಾಡಿದ್ದು, ಎತ್ತರ, ಯಾರಿಂದ ಯಾರಿಗೆ, ಸುಮಾರು ಯಾವಾಗ, ಇದನ್ನು ಹೇಳಿದವರು ಯಾರು. ಕೊನೆಯದನ್ನು ಬರೆಯದೆ ಬಿಡಬೇಡಿ. ಹೇಳಿದವರ ಮಾತನ್ನು ಅವರ ಮಾತಿನಲ್ಲೇ ಒಂದೆರಡು ಸಾಲು ಬರೆದುಕೊಳ್ಳಿ, ಗ್ರಂಥದ ಕನ್ನಡಕ್ಕೆ ತಿರುಗಿಸಬೇಡಿ.

ನಂಬರನ್ನು ಗೊಂಬೆಯ ಮೇಲೆ ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಕಿತ್ತಾಗ ಬಣ್ಣವೂ ಬರುತ್ತದೆ. ದಪ್ಪ ಕಾಗದದ ಪುಟ್ಟ ಚೀಟಿಗೆ ಹತ್ತಿ ದಾರ ಪೋಣಿಸಿ ಕಟ್ಟಿ. ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಮಸಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹಾಗೇ ಇರುತ್ತದೆ. ರಬ್ಬರ್ ಬ್ಯಾಂಡ್, ಸೆಲೋಟೇಪ್ ಹತ್ತಿರ ತರಬೇಡಿ, ಎರಡೂ ವರ್ಷ ಕಳೆದಂತೆ ಅಂಟಾಗಿ ಕಲೆ ಬಿಡುತ್ತವೆ.

ಫೋಟೊ ತೆಗೆಯಲು ಕಿಟಕಿಯ ಬೆಳಕು ಸಾಕು, ಫ್ಲಾಶ್ ಬೇಡ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮುಂದೆ, ಹಿಂದೆ, ತಳ ಮೂರೂ ತೆಗೆಯಿರಿ. ಗೊಂಬೆಯನ್ನು ಹಿಡಿದ ಅಜ್ಜಿಯ ಕೈ ಕಾಣುವಂತೆ ಇನ್ನೊಂದು. ಫೈಲಿಗೆ ಅದೇ ನಂಬರ್ ಹೆಸರಿಡಿ. ಮೊಬೈಲಿನಲ್ಲಿ ಮಾತ್ರ ಇಡದೆ ಪೆನ್‌ಡ್ರೈವ್‌ಗೂ ಹಾಕಿ, ಬೇರೆ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಒಂದು ಪ್ರತಿ ಕೊಡಿ.

ಐದನೇ ಹೆಜ್ಜೆ: ದೂಳು ಒರೆಸುವ ಮುಂಚೆ ಯಾವ ವಸ್ತು ಎಂದು ತಿಳಿಯಿರಿ

ಎಲ್ಲಕ್ಕೂ ಒದ್ದೆ ಬಟ್ಟೆ ಹಿಡಿಯುವುದೇ ಹಳೇ ಗೊಂಬೆಗಳು ಹಾಳಾಗಲು ದೊಡ್ಡ ಕಾರಣ.

ಮಣ್ಣಿನ ಗೊಂಬೆಗೆ ನೀರು ತಾಗಲೇಬಾರದು. ಮೆತ್ತನೆಯ ಬಣ್ಣದ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ದೂಳು ತೆಗೆಯಿರಿ. ಬಣ್ಣ ಪುಡಿಯಾಗಿ ಉದುರುತ್ತಿದ್ದರೆ ಅದನ್ನೂ ಮಾಡಬೇಡಿ, ಹಾಗೇ ಇಡಿ. ಹೊಸ ಬಣ್ಣ ಹೊಡೆಸುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಕೈಮುಗಿದು ಬೇಡ ಎನ್ನುತ್ತೇನೆ. ಎನಾಮಲ್ ಪೇಂಟ್ ಹೊಡೆದ ಮೇಲೆ ಹಳೇ ಕಣ್ಣು, ಹಳೇ ಹುಬ್ಬು ಮತ್ತೆ ಸಿಗುವುದಿಲ್ಲ.

ಚನ್ನಪಟ್ಟಣದ ಗೊಂಬೆ ಆಲೆ ಮರದ್ದು. ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಬಣ್ಣದ ಅರಗು ಒತ್ತುತ್ತಾರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಹಿಡಿಯುತ್ತದೆ. ಕಾವಿಗೆ ಹಿಡಿದದ್ದು ಕಾವಿಗೇ ಬಿಡುತ್ತದೆ, ಹಾಗಾಗಿ ಬಿಸಿಲು, ದೀಪದ ಶಾಖ ಬೇಡ. ಅರಗು ಸ್ಪಿರಿಟ್‌ಗೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮುಂಚೆ ಮುಟ್ಟಿದರೂ ಹೊಳಪು ಹೋಗುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಬೇರೆ ಜಾತಿ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಸೇರಿಸಿದ ಲೇಪ ಕೊಟ್ಟು ಬಣ್ಣ ಹಾಕಿರುತ್ತಾರೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಆ ಲೇಪ ಬಿಡಬಹುದು, ಇವನ್ನು ಅತ್ಯಂತ ಒಣ ಜಾಗದಲ್ಲಿಡಿ.

ಪಟ್ಟದ ಗೊಂಬೆ ರಕ್ತಚಂದನದ್ದಾದರೆ ತೊಳೆಯಬೇಡಿ, ಬಣ್ಣ ಬಿಡುತ್ತದೆ, ಉಡಿಸಿದ ಬಟ್ಟೆಗೂ ಹತ್ತುತ್ತದೆ. ಮಕ್ಕಳ ಮೈಮೇಲೆ ಏನಾದರೂ ಎದ್ದರೆ ಈ ಗೊಂಬೆಯನ್ನೇ ಸಾಣೆಕಲ್ಲಿಗೆ ತೇಯ್ದು ಹಚ್ಚುತ್ತಿದ್ದ ಮನೆಗಳಿದ್ದವು. ನಿಮ್ಮ ರಾಜನ ಬೆನ್ನೋ ಪಾದವೋ ಸವೆದಿದ್ದರೆ ಅದನ್ನೂ ಕೇಳಿ ಬರೆದುಕೊಳ್ಳಿ. ಹರಿದು ಬಿದ್ದ ಹಳೇ ಸೀರೆ, ಜರಿಯ ಚೂರುಗಳನ್ನು ಎಸೆಯಬೇಡಿ. ಪ್ರತಿ ವರ್ಷ ಹೊಸದು ಉಡಿಸಿದರೂ ಹಳೆಯದನ್ನು ಚೀಟಿ ಕಟ್ಟಿ ಇಡಿ. ಯಾರ ಧಾರೆ ಸೀರೆಯ ತುಂಡು ಅದು ಎನ್ನುವುದು ಹೇಳುವವರಿಗೆ ಗೊತ್ತಿರುತ್ತದೆ.

ಹಗುರವಾದ ಜಪಾನ್ ಗೊಂಬೆಯನ್ನು ಬೆರಳಿನಿಂದ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್. ಅದಕ್ಕೆ ಬೆಂಕಿ ತುಂಬಾ ಬೇಗ ಹತ್ತುತ್ತದೆ. ಆರತಿ, ದೀಪ ಇರುವ ಮೆಟ್ಟಿಲಿನಲ್ಲಿ ಖಂಡಿತ ಇಡಬೇಡಿ. ಹಾಳಾಗುತ್ತಾ ಹೋದರೆ ಅದರಿಂದ ಬರುವ ಆವಿ ಪಕ್ಕದ ವಸ್ತುಗಳನ್ನೂ ಕೆಡಿಸುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಒಂಟಿಯಾಗಿಡಿ.

ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಬಹುದು, ಆದರೆ ಸಣ್ಣ ಕೆತ್ತನೆ ಇದ್ದರೆ ವರ್ಷ ವರ್ಷ ಗಟ್ಟಿಯಾಗಿ ತಿಕ್ಕಿದರೆ ಮುಖವೇ ಸವೆಯುತ್ತದೆ. ಬೆಳ್ಳಿ ಮುಖವಾಡವನ್ನು ರಬ್ಬರಿನ ಹತ್ತಿರ ಇಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಆರನೇ ಹೆಜ್ಜೆ: ಮಲೆನಾಡಿನ ತೇವದಿಂದ ಕಾಪಾಡುವುದು

ಅರಸೀಕೆರೆಯಲ್ಲಿ ಇಟ್ಟ ಗೊಂಬೆಗೂ ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಇಟ್ಟ ಗೊಂಬೆಗೂ ಆಯಸ್ಸು ಒಂದೇ ಅಲ್ಲ. ಘಟ್ಟದ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಮರಕ್ಕೆ ಬೂಷ್ಟು ಹಿಡಿಯುತ್ತದೆ, ಬಟ್ಟೆಗೆ ಚುಕ್ಕೆ ಬೀಳುತ್ತದೆ.

ಹೊರಗೋಡೆಗೆ ತಾಗಿಸಿ ಪೆಟ್ಟಿಗೆ ಇಡಬೇಡಿ. ಹೆಂಚು, ಶೀಟಿನ ಕೆಳಗಿನ ಅಟ್ಟವೂ ಬೇಡ, ಬೇಸಿಗೆಯಲ್ಲಿ ಕಾದು ಮಳೆಯಲ್ಲಿ ಸೋರುತ್ತದೆ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಅರ್ಧ ಅಡಿ ಮೇಲೆ ಮಣೆಯ ಮೇಲಿಡಿ. ಗೆದ್ದಲು ಬಂದರೆ ಮಣೆಯ ಕಾಲಿನಲ್ಲೇ ಕಾಣುತ್ತದೆ. ಗಂಜಿ ಹೋಗುವಂತೆ ಚೆನ್ನಾಗಿ ಒಗೆದು ಒಣಗಿಸಿದ ಹಳೇ ಪಂಚೆಯ ತುಂಡಿನಲ್ಲಿ ಒಂದೊಂದು ಗೊಂಬೆಯನ್ನೂ ಸುತ್ತಿ. ಗಂಜಿ ಉಳಿದರೆ ಹುಳಕ್ಕೆ ಅದೇ ಊಟ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಇಲ್ಲಿ ಬಳಸಿ.

ನುಸಿಗುಂಡು ಹಾಕುವುದಾದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಮಣಿ, ಸೆಲ್ಯುಲಾಯ್ಡ್‌ಗೆ ತಾಗಿದರೆ ಅವು ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಬಜೆ, ಒಣಗಿದ ಬೇವಿನ ಎಲೆ ನಮ್ಮ ಹಿರಿಯರು ಬಳಸುತ್ತಿದ್ದದ್ದು, ನನಗೂ ಅದೇ ಇಷ್ಟ. ಎಲೆ ಪೂರ್ತಿ ಒಣಗಿರಬೇಕು ಅಷ್ಟೇ. ಮರದಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ. ಕೂಡಲೇ ಬೇರೆ ಮಾಡಿ. ಬಣ್ಣವಿಲ್ಲದ ಅಚ್ಚಿನ ಮಣೆಯಾದರೆ ಗಾಳಿ ಹೋಗದಂತೆ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ, ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ಬಣ್ಣ ಹಾಕಿದ ಗೊಂಬೆಗೆ ಈ ಉಪಾಯ ಬೇಡ, ಲೇಪ ಬಿರಿಯಬಹುದು.

ಏಳನೇ ಹೆಜ್ಜೆ: ಕೊಳ್ಳುವುದು, ಕೊಳ್ಳದಿರುವುದು

ವರ್ಷಕ್ಕೆ ಒಂದೇ ಹೊಸದು ತರುವ ಪದ್ಧತಿ ಒಳ್ಳೆಯದು. ಅದೂ ಮನೆಯಲ್ಲಿ ಆ ವರ್ಷ ನಡೆದದ್ದಕ್ಕೆ ಸಂಬಂಧಪಟ್ಟದ್ದಾಗಿರಲಿ. ಮಗಳು ಶಾಲೆಗೆ ಸೇರಿದ ವರ್ಷದ್ದು, ತೋಟದಲ್ಲಿ ಒಳ್ಳೇ ಕಾಫಿ ಬಂದ ವರ್ಷದ್ದು. ಸಾಧ್ಯವಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಅವರ ಹೆಸರು ಕೇಳಿ ಪುಸ್ತಕದಲ್ಲಿ ಬರೆಯಿರಿ. ಜಾತ್ರೆಯಲ್ಲಿ ಮಣ್ಣಿನ ಗೊಂಬೆ ಮಾರುವ ಕುಂಬಾರರು, ಚನ್ನಪಟ್ಟಣದ ಕುಶಲಕರ್ಮಿಗಳು ಸಂತೋಷದಿಂದ ಹೇಳುತ್ತಾರೆ.

ಎರಡು ವಿಷಯದಲ್ಲಿ ಎಚ್ಚರ. ನಾವು ಹೊಯ್ಸಳರ ನಾಡಿನಲ್ಲಿದ್ದೇವೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯ ಆಸುಪಾಸಿನಲ್ಲಿ ಹೊಲದಲ್ಲೋ ಕೆರೆಯಲ್ಲೋ ಸಿಕ್ಕ ಕೆತ್ತನೆ ಕಲ್ಲನ್ನು "ಮಂಟಪಕ್ಕೆ ಚೆನ್ನಾಗಿರುತ್ತೆ" ಎಂದು ಯಾರಾದರೂ ತಂದುಕೊಟ್ಟರೆ ಮುಟ್ಟಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಮನೆಯಲ್ಲೇ ಇರುವ ಅಷ್ಟು ಹಳೆಯ ವಿಗ್ರಹವನ್ನೂ ವಿದೇಶದಲ್ಲಿರುವ ಮಗನಿಗೆ ಕಳಿಸುವಂತಿಲ್ಲ. ಹಾಗೇ ಆನೆ ದಂತದ ಗೊಂಬೆ ಕೊಳ್ಳುವುದು, ಮಾರುವುದು ಎರಡೂ ಅಪರಾಧ.

ಕೊನೆಯ ಹೆಜ್ಜೆ: ಪಾಲು

ಮನೆ ಪಾಲಾಗುವಾಗ ಜಮೀನಿಗೆ, ಒಡವೆಗೆ ಕಾಗದ ಮಾಡುತ್ತಾರೆ, ಹಬ್ಬದ ಪೆಟ್ಟಿಗೆಗೆ ಮಾಡುವುದಿಲ್ಲ. ಅಜ್ಜಿಯೋ ಅಮ್ಮನೋ ಚೆನ್ನಾಗಿರುವಾಗಲೇ ಯಾವುದು ಯಾರಿಗೆ ಎಂದು ಅವರ ಬಾಯಲ್ಲೇ ಕೇಳಿ, ಆ ಪುಟದ ಕೆಳಗೆ ಬರೆದು ಅವರ ಸಹಿ ಹಾಕಿಸಿ. ಪಟ್ಟದ ಗೊಂಬೆಯ ಜೋಡಿಯನ್ನು ಒಡೆಯಬೇಡಿ. ಶೆಟ್ಟಿಯನ್ನು ಅವನ ಅಂಗಡಿ ಸಾಮಾನಿನಿಂದ ಬೇರೆ ಮಾಡಬೇಡಿ. ಗೋದಲಿಯ ಗೊಂಬೆಗಳೂ ಒಂದೇ ಮನೆಯಲ್ಲಿರಲಿ, ಬೇಕಾದರೆ ವರ್ಷಕ್ಕೊಬ್ಬರ ಮನೆಗೆ ಹೋಗಿಬರಲಿ. ಉಳಿದದ್ದನ್ನು ಹಂಚಿಕೊಳ್ಳಬಹುದು.

ಪುಸ್ತಕವನ್ನು ಮಾತ್ರ ಎಲ್ಲರಿಗೂ ಜೆರಾಕ್ಸ್ ಮಾಡಿಸಿ ಕೊಡಿ, ಮೂಲ ಪ್ರತಿ ಪೆಟ್ಟಿಗೆಯ ಜೊತೆಗಿರಲಿ. ಬೈಂಡ್ ಮಾಡಿಸುವಾಗ ಕೊನೆಗೆ ಒಂದಿಪ್ಪತ್ತು ಖಾಲಿ ಹಾಳೆ ಸೇರಿಸಿ. ಪಾಲು ತೆಗೆದುಕೊಂಡು ಹೋದವರು ತಮ್ಮ ಮನೆಯಲ್ಲಿ ತರುವ ಹೊಸ ಗೊಂಬೆಗೆ ಮುಂದಿನ ನಂಬರ್ ಅದರಲ್ಲೇ ಹಾಕಿಕೊಳ್ಳಬಹುದು.